ಆಕಾಶದಲ್ಲಿ ಕರೆಂಟ್ ಕಳೆದುಕೊಳ್ಳುವ ಕ್ರಮ

ಮೊದಲು ಮ್ಯಾಗ್ನೆಟೋ ಬಿಚ್ಚಿ. ಸಣ್ಣ ವಿಮಾನದ ಪಿಸ್ಟನ್ ಎಂಜಿನ್ನಿಗೆ ಸಾಮಾನ್ಯವಾಗಿ ಎರಡು ಇರುತ್ತವೆ, ಎರಡನ್ನೂ ಬಿಚ್ಚಿ. ಎಂಜಿನ್ ತಿರುಗುವಷ್ಟು ಹೊತ್ತೂ ಒಳಗಿನ ಆಯಸ್ಕಾಂತ ತಿರುಗಿ ತನ್ನ ಕಿಡಿಯನ್ನು ತಾನೇ ಹುಟ್ಟಿಸುವ, ಬ್ಯಾಟರಿಯ ಹಂಗಿಲ್ಲದ ಯಂತ್ರ ಅದು. ಅದನ್ನು ಇಟ್ಟುಕೊಂಡರೆ ನಮ್ಮ ಪಾಠ ಮುಂದೆ ಸಾಗುವುದಿಲ್ಲ. ಅವುಗಳ ಜಾಗಕ್ಕೆ ಎರಡು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ. ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಇಂಧನ ಉಳಿಯುತ್ತದೆ, ಕರೆಂಟ್ ನಿಂತ ಕ್ಷಣ ಎಂಜಿನ್ನೂ ನಿಲ್ಲುತ್ತದೆ.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರನ್ನು ನೋಡಿ ಕಲಿಯಬೇಡಿ. 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿದ ಅವರ ಹಂಸ-ಎನ್‌ಜಿಯಲ್ಲಿ ರೋಟಾಕ್ಸ್ 912 ಐಎಸ್ ಎಂಜಿನ್ ಇದೆ. ಕಿಡಿಗೂ ಇಂಧನಕ್ಕೂ ಅದು ಕರೆಂಟನ್ನೇ ನಂಬಿದ್ದು. ಅದಕ್ಕಾಗಿ ಎಂಜಿನ್ನಿನಲ್ಲೇ ಎರಡು ಜನರೇಟರ್: ಒಂದು ಎಂಜಿನ್ನಿಗೆ, ಇನ್ನೊಂದು ರೇಡಿಯೋ, ದೀಪ ಇತ್ಯಾದಿಗೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ರೇಡಿಯೋ, ದೀಪಗಳನ್ನು ಬ್ಯಾಟರಿಯ ಪಾಲಿಗೆ ಬಿಟ್ಟು ಎಂಜಿನ್ ನೋಡಿಕೊಳ್ಳಲು ಹೋಗುತ್ತದೆ. ಎರಡೂ ಹೋದರೆ ಬ್ಯಾಟರಿಯನ್ನೇ ಎಂಜಿನ್ನಿಗೆ ಕೊಡಲು ಬೇರೊಂದು ಸ್ವಿಚ್. ಇಷ್ಟೊಂದು ಅನುಮಾನ ಇರುವವರು ನೆಲದ ಮೇಲೇ ಇರಬಹುದಿತ್ತು.

ಹಾಗೆಂದು ಬ್ಯಾಕಪ್ ಬೇಡ ಅನ್ನಬೇಡಿ. ಇರಲೇಬೇಕು. ಬ್ಯಾಕಪ್ ಇದೆ ಎಂಬ ಧೈರ್ಯವಿಲ್ಲದೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೆ ಹೊಸದು ಕೊಳ್ಳಬೇಡಿ. ಕನಕಪುರದ ಕಡೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಕಳಚಿಟ್ಟ 12 ವೋಲ್ಟಿನ ಬ್ಯಾಟರಿ ಯಾರ ಮನೆಯ ಅಟ್ಟದ ಮೇಲಾದರೂ ಇರುತ್ತದೆ. ಇಲ್ಲದಿದ್ದರೆ ರಾಮನಗರದ ಯಾವುದಾದರೂ ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿರುವ ಹಳೇ ಯುಪಿಎಸ್ ಬಿಚ್ಚಿ. ಮೇಲೆ 7 ಆಂಪಿಯರ್-ಅವರ್ ಎಂದು ಬರೆದಿದ್ದರೆ ಅದನ್ನೇ ನಂಬಿ. ಆ ಲೆಕ್ಕ ಹೊಸ ಬ್ಯಾಟರಿಯನ್ನು 20 ಗಂಟೆ ನಿಧಾನವಾಗಿ ಇಳಿಸಿದಾಗಿನದು, ವರ್ಷ ಕಳೆದಂತೆ ಕರಗುತ್ತದೆ ಎಂದು ತಲೆ ತಿನ್ನುವ ಮೆಕ್ಯಾನಿಕ್‌ಗೆ ಟೀ ಕುಡಿಸಿ ಕಳಿಸಿ.

ವೈರಿಂಗ್‌ಗೆ ಬನ್ನಿ. ಎರಡು ಬ್ಯಾಟರಿಗಳ ನಡುವೆ ಡಯೋಡ್ ಹಾಕಬೇಡಿ. ಅಣ್ಣತಮ್ಮಂದಿರ ನಡುವೆ ಬೇಲಿ ಯಾಕೆ? ಹಳೆಯದು ಸಾಯುವಾಗ ಇನ್ನೊಂದರ ಚಾರ್ಜನ್ನೂ ಹೀರಿಕೊಂಡೇ ಸಾಯಲಿ. ಎರಡೂ ಇಗ್ನಿಷನ್ನುಗಳನ್ನು ಒಂದೇ ಫ್ಯೂಸಿಗೆ, ಒಂದೇ ಸ್ವಿಚ್ಚಿಗೆ ಕೊಟ್ಟು, ಎಲ್ಲದರ ಅರ್ತ್ ವೈರನ್ನೂ ಒಂದೇ ಬೋಲ್ಟಿಗೆ ಬಿಗಿಯಿರಿ. ತೀರಾ ಬಿಗಿಯಬೇಡಿ. ಈ ವಿದ್ಯೆಯ ಜೀವಾಳ ಇಲ್ಲಿದೆ: ಕಾಗದದ ಮೇಲೆ ಎಲ್ಲವೂ ಎರಡೆರಡು, ಬೋಲ್ಟ್ ಸಡಿಲವಾದಾಗ ಎಲ್ಲವೂ ಒಟ್ಟಿಗೆ ಬಂದ್.

ಹಾರುವ ಮುನ್ನ ಒಂದೊಂದೇ ಇಗ್ನಿಷನ್ ಆಫ್ ಮಾಡಿ ನೋಡುವ, ಮುಖ್ಯ ಲೈನ್ ತೆಗೆದು ಬ್ಯಾಕಪ್ಪಿನಲ್ಲಿ ಎಂಜಿನ್ ಓಡುತ್ತದೆಯೇ ಎಂದು ಪರೀಕ್ಷಿಸುವ ಚಾಳಿ ಬಿಡಿ. ಕೆಟ್ಟಿದೆ ಎಂದು ಗೊತ್ತಾದರೆ ಆ ದಿನವೇ ಹಾಳು.

ಜಕ್ಕೂರು ಏರೋಡ್ರೋಮಿನಿಂದ ನೈಋತ್ಯಕ್ಕೆ ಹೊರಡಿ. 14ರ ಆಸುಪಾಸಿನಲ್ಲಿದ್ದ ವೋಲ್ಟ್ ಮೀಟರಿನ ಮುಳ್ಳು 12ರ ಕಡೆ ಜಾರಿದರೆ ಆಲ್ಟರ್ನೇಟರ್ ಸತ್ತಿದೆ ಎಂದರ್ಥ. ಬೇಡದ್ದನ್ನೆಲ್ಲ ಆರಿಸಿ, ಹತ್ತಿರದ ರನ್‌ವೇಗೆ ತಿರುಗಬೇಕಾದ ಹೊತ್ತು. ನೀವು ಮೀಟರಿನ ಮೇಲೆ ಟೋಪಿ ಇಟ್ಟು ಮೊಬೈಲ್ ಚಾರ್ಜಿಗೆ ಹಾಕಿ. ಮಾಗಡಿಯ ಸಾವನದುರ್ಗದ ಫೋಟೋ ತೆಗೆಯುವುದಿದೆಯಲ್ಲ. ಬಂಡೆಯ ತುದಿ ಸಮುದ್ರಮಟ್ಟದಿಂದ 1226 ಮೀಟರ್, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಸಾಕು.

ಎಂಜಿನ್ ನಿಂತ ಮೇಲೆ ಅವಸರ ಬೇಡ. ಸಣ್ಣ ವಿಮಾನ ನೆಲದಿಂದ 3000 ಅಡಿ ಮೇಲಿದ್ದರೆ ಗಾಳಿಯಲ್ಲಿ ಸುಮಾರು 8 ಕಿಲೋಮೀಟರ್ ಜಾರುತ್ತದೆ. ರಾಮನಗರದ ಮೇಲೆ ನಿಂತರೆ ಚನ್ನಪಟ್ಟಣ ಸಿಗುವುದಿಲ್ಲ. ಸಿಕ್ಕರೂ ಅಲ್ಲಿರುವುದು ತೆಂಗಿನ ತೋಟ. ರಾಮದೇವರ ಬೆಟ್ಟದ ಕಡೆ ಹೋಗಬೇಡಿ. 2012ರಿಂದ ಅದು ರಣಹದ್ದು ಧಾಮ. ಇಗ್ನಿಷನ್ನೇ ಇಲ್ಲದೆ ದಿನವಿಡೀ ತೇಲುವವರ ಮುಂದೆ ಮಾನ ಹೋಗುತ್ತದೆ. ಉಳಿದದ್ದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧವಿದೆ. ವಿಮಾನದ ಹೆಸರು ಆ ಪಟ್ಟಿಯಲ್ಲಿಲ್ಲ, ಧೈರ್ಯವಾಗಿ ಇಳಿಯಿರಿ.

ಇಳಿಯುವ ಮುಂಚೆ ರೇಡಿಯೋದಲ್ಲಿ ತಿಳಿಸಿ. ರೇಡಿಯೋಗೂ ಅದೇ ಬೋಲ್ಟ್ ಆದ್ದರಿಂದ ಕಿಟಕಿ ತೆರೆದು ಕೂಗಿ. ನೆಲ ಮುಟ್ಟಿದೊಡನೆ ಜನ ಸೇರುತ್ತಾರೆ. ಯಾರಾದರೂ ಏನಾಯ್ತಣ್ಣ ಎಂದು ಕೇಳಿದರೆ ಕರೆಂಟ್ ಹೋಯ್ತು ಅನ್ನಿ. ಎಷ್ಟೊತ್ತಿಗೆ ಬರುತ್ತಂತೆ ಎಂದಷ್ಟೇ ವಿಚಾರಿಸುತ್ತಾರೆ.