ಕೀಲಲ್ಲಿ ನೀರು

ಮೈಸೂರಿನ ಸರಸ್ವತಿಪುರಂನ ನಿವೃತ್ತ ಎಂಜಿನಿಯರ್ ರಾಯರೊಬ್ಬರು ಹಾಯಿದೋಣಿ ಕೊಂಡರು ಅಂತಿಟ್ಟುಕೊಳ್ಳಿ. ಸಮುದ್ರ ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಊರಲ್ಲಿ ಇದೆಂಥ ಹುಚ್ಚು ಎನ್ನಬೇಡಿ. ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿ ಬಿಚ್ಚುವವರು ಇದ್ದಾರೆ. ಆದರೆ ಅಂಥ ಕಡೆ ಓಡುವುದು ಹಗುರ ದೋಣಿ, ಅದರಡಿಯಲ್ಲಿ ಬೇಡವೆಂದಾಗ ಮೇಲೆತ್ತಿಕೊಳ್ಳುವ ಹಲಗೆ. ರಾಯರದು ಕರಾವಳಿಯಿಂದ ಲಾರಿ ಹತ್ತಿ ಬಂದ, ಹೊಟ್ಟೆಯಡಿ ಭಾರ ತುಂಬಿಕೊಂಡ ಹಳೇ ಫೈಬರ್‌ಗ್ಲಾಸ್ ಮುದುಕಿ. ಸದ್ಯಕ್ಕೆ ಪಕ್ಕದ ಖಾಲಿ ಸೈಟಿನಲ್ಲಿ ಮರದ ಊರುಗೋಲುಗಳ ಮೇಲೆ ನಿಂತಿದ್ದಾಳೆ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ರಾಯರು "ಕೀಲಲ್ಲಿ ನೀರು ಸೇರ್ಕೊಂಡಿದೆ ಕಣ್ರೀ" ಎಂದರೆ ವಾಕಿಂಗ್ ಬಳಗ ಅವರ ಮಂಡಿಯನ್ನೇ ನೋಡುತ್ತದೆ. ಸೂಜಿ ಹಾಕಿ ತೆಗೆಸಿಬಿಡಿ ಅಂತ ಒಬ್ಬರು. ಮೊದಲು ಎಣ್ಣೆ ನೀವಿ ನೋಡಿ ಅಂತ ಇನ್ನೊಬ್ಬರು.

ಇಂಗ್ಲಿಷಿನ ಕೀಲ್ ನಮ್ಮ ಕೀಲಲ್ಲ. ದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿಬಿದ್ದ ಭಾಗ ಅದು. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ಮಗುಚಲು ಹೊರಟಾಗ, ಕೀಲಿನ ತಳದ ಭಾರ ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯಂತೆ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕೆಲವು ದೋಣಿಗಳಲ್ಲಿ ಈ ಭಾರವನ್ನು ಹೊರಗಿನಿಂದ ಬೋಲ್ಟ್ ಹಾಕಿ ಬಿಗಿಯುತ್ತಾರೆ. ರಾಯರ ದೋಣಿಯಂಥವುಗಳಲ್ಲಿ ಕೀಲೇ ಟೊಳ್ಳು. ಒಳಗೆ ಸೀಸವನ್ನೋ ಕಬ್ಬಿಣವನ್ನೋ ಇಳಿಸಿ, ಮೇಲೆ ರೆಸಿನ್ ಅಥವಾ ಸಿಮೆಂಟು ಸುರಿದು ಮುಚ್ಚಿರುತ್ತಾರೆ. ಸೀಸವಾದರೆ ಪುಣ್ಯ: ನೀರಿಗಿಂತ 11 ಪಟ್ಟು ಭಾರ, ತುಕ್ಕಿನ ಕಾಟವಿಲ್ಲ. ಕಬ್ಬಿಣವಾದರೆ ತೂಕವೂ ಕಡಿಮೆ, ಗೋಳೂ ಜಾಸ್ತಿ. ನೀರು ತಗುಲಿದ ಕಬ್ಬಿಣ ತುಕ್ಕು ಹಿಡಿದು ಊದುತ್ತದೆ, ಊದಿ ಫೈಬರ್‌ಗ್ಲಾಸ್ ಗೋಡೆಯನ್ನೇ ಒಳಗಿನಿಂದ ಸೀಳುತ್ತದೆ.

ನೀರು ಹೋದದ್ದಾದರೂ ಹೇಗೆ? ಎಂದೋ ಬಂಡೆಗೆ ತಳ ಉಜ್ಜಿದ ಗಾಯದಿಂದ, ಇಲ್ಲವೇ ದೋಣಿಯೊಳಗೇ ನಿಂತ ನೀರು ಮೇಲಿನ ಮುಚ್ಚಳದ ಬಿರುಕಿನಿಂದ. ಬರುವಾಗ ದಾರಿ ಕೇಳಲಿಲ್ಲ, ಹೋಗಲು ಮಾತ್ರ ದಾರಿಯೇ ಕಾಣುತ್ತಿಲ್ಲ, ಕೆಲವು ನೆಂಟರ ಹಾಗೆ.

ಮೈಸೂರಿಗರ ಮೊದಲ ಮದ್ದು ಬಿಸಿಲು. ಸಂಡಿಗೆ, ಹಪ್ಪಳ, ಹಾಸಿಗೆ ಎಲ್ಲಕ್ಕೂ ಅದೇ. ಕಾವೇರಿಯ ಹರಿಗೋಲಿನವನೂ ಬುಟ್ಟಿ ದಡಕ್ಕೆಳೆದು ಬೋರಲು ಹಾಕುತ್ತಾನೆ, ಅವನಿಗೆ ಕೀಲೂ ಇಲ್ಲ, ಕೀಲುನೋವೂ ಇಲ್ಲ. ಆದರೆ ಮುಚ್ಚಿದ ಭರಣಿಯನ್ನು ವರ್ಷವಿಡೀ ಬಿಸಿಲಲ್ಲಿಟ್ಟರೂ ಒಳಗಿನ ನೀರು ಎಲ್ಲಿಗೆ ಹೋದೀತು?

ಎರಡನೆಯ ಮದ್ದು ಬಣ್ಣ. 1937ರಲ್ಲೇ ಬಣ್ಣದ ಕಾರ್ಖಾನೆ ಕಂಡ, ಓಟು ಹಾಕಿದ ಬೆರಳಿಗೆ ಹಚ್ಚುವ ಶಾಯಿಯನ್ನು ದೇಶಕ್ಕೆಲ್ಲ ಕೊಡುವ ಊರಿನವರಿಗೆ ಬಣ್ಣದ ಮೇಲೆ ನಂಬಿಕೆ ಸಹಜ. ದಸರೆಗೆ ಮುಂಚೆ ಒದ್ದೆ ಗೋಡೆಗೇ ಸುಣ್ಣ ಬಳಿಸಿ, ವಿಜಯದಶಮಿಯ ಹೊತ್ತಿಗೆ ಅದು ಹಪ್ಪಳದಂತೆ ಎದ್ದದ್ದನ್ನು ಕ್ಯಾಲೆಂಡರ್ ತೂಗುಹಾಕಿ ಮುಚ್ಚಿದ ಮನೆಗಳೆಷ್ಟಿಲ್ಲ! ಫೈಬರ್‌ಗ್ಲಾಸ್ ಕೂಡ ಹಾಗೇ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದರೆ ವಿನಿಗರ್‌ನಂಥ ಹುಳಿವಾಸನೆ.

ಇನ್ನು ತೇವ ಅಳೆಯುವ ಮೀಟರು. ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇರುವ ಊರಿಗೆ ತೇವಾಂಶ ಹೊಸ ಪದವಲ್ಲ. ಆದರೆ ಕಾಳಿನ ತೇವ ಅಳೆದಷ್ಟು ಸಲೀಸಲ್ಲ ಇದು. ಪಕ್ಕದಲ್ಲೇ ಲೋಹವಿದ್ದರೆ ಮೀಟರು ಒಣಗಿದ್ದನ್ನೂ ಒದ್ದೆ ಎಂದುಬಿಡುತ್ತದೆ. ಆಗ ದೇವರಾಜ ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿದ ಅನುಭವವೇ ಗತಿ. ಪುಟ್ಟ ಸುತ್ತಿಗೆಯಿಂದ ಕೀಲಿನುದ್ದಕ್ಕೂ ಕುಟ್ಟುತ್ತ ಹೋಗಬೇಕು. ಠಣ್ ಎಂದರೆ ಗಟ್ಟಿ, ಬದ್ ಎಂದರೆ ಅಲ್ಲಿ ಪದರ ಬಿಟ್ಟಿದೆ ಎಂಬ ಗುಮಾನಿ.

ಕೊನೆಗೆ ಉಳಿಯುವುದು ವಾಕಿಂಗ್ ಬಳಗ ಹೇಳಿದ ಸೂಜಿಯೇ. ಕೀಲಿನ ತಟ್ಟತಳದಲ್ಲಿ ಡ್ರಿಲ್ ಹಿಡಿದು ತೂತು ಕೊರೆಯಬೇಕು. ದುಡ್ಡು ಕೊಟ್ಟು ತಂದ ದೋಣಿಯ ತಳಕ್ಕೆ ತಾನೇ ತೂತು ಮಾಡುವ ಈ ಗಳಿಗೆಯಲ್ಲಿ ರಾಯರ ಕೈ ನಡುಗದಿದ್ದರೆ ಅವರು ರಾಯರೇ ಅಲ್ಲ. ಮನೆಯಾಕೆಯಂತೂ ಆ ಹೊತ್ತಿಗೆ ಎದುರಿಗೆ ನಿಲ್ಲಬಾರದು. ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುವಂತೆ ಗಾಳಿಯಾಡಲು ಮೇಲೊಂದು ಬೇರೆ. ಮೊದಲು ತುಕ್ಕುಬಣ್ಣದ ಧಾರೆ, ಆಮೇಲೆ ಹನಿ. ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು, ಉಳಿದ ಉಪ್ಪು ಆಷಾಢದ ಉಪ್ಪಿನ ಜಾಡಿಯಂತೆ ಮತ್ತೆ ತೇವ ಎಳೆಯುತ್ತದೆ. ನಂತರ ಬೆಚ್ಚನೆಯ ಒಣಗಾಳಿ, ಇಲ್ಲವೇ ವ್ಯಾಕ್ಯೂಮ್ ಪಂಪು. ಪೂರ್ತಿ ಒಣಗಿದ ಮೇಲಷ್ಟೇ ಕೆಳಗಿನ ತೂತಿನಿಂದ ಎಪಾಕ್ಸಿ ತುಂಬುತ್ತ, ಮೇಲಿನದರಲ್ಲಿ ಇಣುಕುವವರೆಗೆ ಕಾಯುವುದು. ಅವಸರಪಟ್ಟರೆ ಸೆರೆಯಲ್ಲಿದ್ದ ನೀರಿಗೆ ಇನ್ನೊಂದು ಬೀಗ ಜಡಿದಂತೆ.

ಹನಿ ನಿಲ್ಲಲು ವಾರಗಳೇ ಹಿಡಿಯಬಹುದು. ಊರೆಲ್ಲ ಕೆಆರ್‌ಎಸ್ 124.80 ಅಡಿ ಮುಟ್ಟಲಿ, ಬಾಗಿನ ಬಿಡುವಂತಾಗಲಿ ಎಂದು ಮಳೆಗೆ ಕೈಮುಗಿಯುವಾಗ, ರಾಯರೊಬ್ಬರೇ ನೀರು ಖಾಲಿಯಾಗಲಿ ಎಂದು ದೋಣಿಯಡಿ ಕೂತಿರುತ್ತಾರೆ. ಪತ್ರಿಕೆ ಮಡಿಚಿಕೊಂಡು ಬಂದ ಪಕ್ಕದ ಮನೆಯವರು ಎಂದಿನಂತೆ ಕೇಳುತ್ತಾರೆ: "ಇವತ್ತು ಎಷ್ಟು ಅಡಿ ಸಾರ್?"

ರಾಯರು ಕೆಳಗಿಟ್ಟ ಪಾತ್ರೆಯತ್ತ ಬಗ್ಗಿ ನೋಡಿ, "ಅರ್ಧ ಚೊಂಬು" ಎನ್ನುತ್ತಾರೆ.