ಒಂದು ನಕಾರದ ವ್ಯಾಜ್ಯ

ಪಂಜೆ ಮಂಗೇಶರಾಯರು 1874ರಲ್ಲಿ ಜನ್ಮತಳೆದ ಬಂಟ್ವಾಳದಲ್ಲಾಗಲಿ, ನೆರೆಯ ಬೆಳ್ತಂಗಡಿಯಲ್ಲಾಗಲಿ, 1430ರ ಸಾವಿರಕಂಬದ ಬಸದಿಯುಳ್ಳ ಮೂಡಬಿದಿರೆಯಲ್ಲಾಗಲಿ, ಆಂಗ್ಲಭಾಷಾಭ್ಯಾಸಕ್ಕೆ ತೊಡಗಿದ ಬಾಲಕನ ನೆಮ್ಮದಿಯನ್ನು ‘ಎ’, ‘ಆ್ಯನ್’ ಎಂಬೀ ಕ್ಷುದ್ರಪದದ್ವಯವು ಕೆಡಿಸಿದಷ್ಟು ಷೇಕ್ಸ್‌ಪಿಯರನೂ ಕೆಡಿಸಲಾರನು. ಸ್ವರಾಕ್ಷರದ ಮುಂದೆ ‘ಆ್ಯನ್’ ಎಂದು ಉರುಹೊಡೆದವನು ‘ಆ್ಯನ್ ಯೂನಿವರ್ಸಿಟಿ’ ಎಂದರೆ ತಪ್ಪು. ವ್ಯಂಜನದಿಂದ ಬರೆಯಲ್ಪಡುವ ‘ಅವರ್’ ಎಂಬ ಗಂಟೆಗೆ ‘ಆ್ಯನ್’ ಹಚ್ಚಿದರೆ ಸರಿ. ಏಕೆಂದರೆ ಇಲ್ಲಿ ಪ್ರಮಾಣವಾಗುವುದು ಬರಹವಲ್ಲ, ಕಿವಿಗೆ ಬಿದ್ದ ಮೊದಲ ಧ್ವನಿ. ಕಿವಿಯೇ ನ್ಯಾಯಾಧೀಶನೆಂದಮೇಲೆ (ಈ ನಿಯಮವನ್ನು ನಾನು ಮನಸಾರೆ ಮೆಚ್ಚುವೆನು), ‘ಎಗ್’ ಎಂಬ ಮೊಟ್ಟೆಗೆ ಯಕಾರವನ್ನು ಸವರಿ ‘ಯೆಗ್’ ಎನ್ನುವ, ‘ಓಲ್ಡ್’ ಎಂಬ ಮುದುಕನಿಗೆ ವಕಾರದ ಊರುಗೋಲಿತ್ತು ‘ವೋಲ್ಡ್’ ಎನ್ನುವ ನಮ್ಮವರ ನಾಲಗೆಗೆ ‘ಎ ಯೆಗ್’ ಎಂಬುದೇ ವ್ಯಾಕರಣಶುದ್ಧವಾಗಬೇಕು. ಆದರೆ ಪರೀಕ್ಷಕರು ಅದಕ್ಕೆ ಅಂಕ ಕೊಡರು.