ಬೇಸಿಗೆ ರಜೆಗೆ ಬರುವ ಹೇನಿಗೆ

ಕೆಂಪಾಪುರ,
ಮಾಗಡಿ ತಾಲ್ಲೂಕು

ಹೇನೇ,

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಕೂಡಲೇ ಬೆಂಗಳೂರು, ಚನ್ನಪಟ್ಟಣ, ಕನಕಪುರದಿಂದ ಮೊಮ್ಮಕ್ಕಳು ನಮ್ಮೂರಿಗೆ ಬರುತ್ತಾರೆ. ಮೇ ತಿಂಗಳ ಕೊನೆಯವರೆಗೂ ಮನೆ ತುಂಬಿರುತ್ತದೆ. ಅವರ ತಲೆಯಲ್ಲಿ ಕೂತು ಬರುವ ನಿನ್ನ ಹತ್ತಿರ ಈ ಸಲ ಎಲ್ಲರೆದುರೇ ಮಾತಾಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಿನಗೆ ರೆಕ್ಕೆಯಿಲ್ಲ, ಹಾರುವ ಕಾಲೂ ಇಲ್ಲ. ತಲೆಗೆ ತಲೆ ತಾಗಿದಾಗ ಹರಿದು ದಾಟುತ್ತೀಯ, ಅಷ್ಟೆ. ತಲೆಯಿಂದ ಕೆಳಗೆ ಬಿದ್ದರೆ ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತೀಯ. ಆದರೂ ರಜೆಯಲ್ಲಿ ಯಾಕಿಷ್ಟು ಹಬ್ಬುತ್ತೀಯ ಅನ್ನುವುದು ರಾತ್ರಿ ನಮ್ಮ ನಡುಮನೆ ನೋಡಿದರೆ ಗೊತ್ತಾಗುತ್ತದೆ. ಉದ್ದಕ್ಕೂ ಚಾಪೆ, ಮೇಲೆ ಜಮಖಾನ, ಎರಡು ದಿಂಬಿಗೆ ಐದು ತಲೆ. ಹಗಲಲ್ಲಿ ಒಂದೇ ಮೊಬೈಲಿಗೆ ಎಲ್ಲರೂ ಬಗ್ಗಿರುತ್ತಾರೆ. 2015ರಲ್ಲಿ ನಮ್ಮೂರಲ್ಲಿ ಪತ್ತೆಯಾದ ಕೆಂಪೇಗೌಡರ ಸಮಾಧಿ ನೋಡಲು ಹೋದರೆ ಅಲ್ಲೂ ಸೆಲ್ಫಿಗೆ ಕೆನ್ನೆಗೆ ಕೆನ್ನೆ ಒತ್ತಿ ನಿಲ್ಲುತ್ತಾರೆ. ಹಾಗಂತ ಮಕ್ಕಳನ್ನು ಬೇರೆ ಬೇರೆ ಮಲಗಿಸು ಅಂದರೆ ನಾನು ಒಪ್ಪುವವಳಲ್ಲ. ವರ್ಷಕ್ಕೊಮ್ಮೆ ಸೇರುವ ಕೂಸುಗಳು, ಒಟ್ಟಿಗೇ ಮಲಗಲಿ.

ನಿನ್ನ ಕಡಿತಕ್ಕಿಂತ ನನಗೆ ಸಂಕಟವಾಗುವುದು ನಿನ್ನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಆಗುವ ಅವಮಾನ. ದಿನಾ ತಲೆ ತೊಳೆಯುವ ಮಗುವನ್ನೂ ನೀನು ಬಿಡುವುದಿಲ್ಲ. ಆದರೂ ಹೇನಾಯಿತು ಅಂದರೆ ‘ಕೊಳಕಿ’ ಅನ್ನುತ್ತಾರೆ, ಅಳುತ್ತಿದ್ದರೂ ಜಡೆ ಕತ್ತರಿಸಿಬಿಡುತ್ತಾರೆ. ಈ ಮಾತಿಗೆ ಹೆದರಿ ತಾಯಂದಿರು ಬಾಯಿ ಬಿಡುವುದಿಲ್ಲ. ಬಚ್ಚಲಲ್ಲಿ ಗುಟ್ಟಾಗಿ ಒಬ್ಬಳ ತಲೆಗೆ ಔಷಧಿ ಹಚ್ಚುತ್ತಾರೆ. ಪಕ್ಕದಲ್ಲಿ ಮಲಗುವ ತಂಗಿಯ ತಲೆಯಲ್ಲಿ ನೀನು ಹಾಗೇ ಇರುತ್ತೀಯ. ವಾರ ಕಳೆಯುವುದರೊಳಗೆ ಮತ್ತೆ ವಾಪಸು.

ಗುಟ್ಟಿನ ಮದ್ದುಗಳು ನಿನಗಿಂತ ಕೆಟ್ಟವು. ಸೀಮೆಎಣ್ಣೆ ಹಚ್ಚಿದರೆ ಎಳೆ ಚರ್ಮ ಸುಡುತ್ತದೆ, ಒಲೆ ಹತ್ತಿರ ಹೋದರೆ ಬೆಂಕಿಯ ಭಯ. ಬದುವಿನ ಸೀತಾಫಲದ ಬೀಜ ಅರೆದು ಹಚ್ಚುವುದು ನಮ್ಮ ಕಡೆ ಹಳೇ ವಾಡಿಕೆ. ಅದರಿಂದ ನೀನು ಸಾಯುತ್ತೀಯ ನಿಜ, ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪೊರೆ ಹುಣ್ಣಾಗುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನಂತೂ ತಲೆಗೆ ಮುಟ್ಟಿಸಲೇಬಾರದು, ಮಗುವಿನ ಜೀವಕ್ಕೇ ಅಪಾಯ.

ನಿನಗೆ ನಾನು ಹೂಡುವುದು ಸೀರಣಿಗೆ. ಜಗುಲಿಯ ಬಿಸಿಲಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಕೂದಲು ಒದ್ದೆ ಮಾಡಿ, ಸಿಕ್ಕು ಬಿಡಿಸಿ, ನಾಲ್ಕು ಭಾಗ ಮಾಡುತ್ತೇನೆ. ಸೀರಣಿಗೆಯ ಹಲ್ಲು ನೆತ್ತಿಗೆ ತಾಗಬೇಕು. ಅಲ್ಲಿಂದ ತುದಿಯವರೆಗೂ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಬೇಕು. ಆಗ ಎಳ್ಳಿನಷ್ಟು ಗಾತ್ರದ ನೀನು ಕಾಲಾಡಿಸುತ್ತಾ ಕಾಣುತ್ತೀಯ. ಸೀರು ಮಾತ್ರ ಒರೆಸಿದರೂ ಬರುವುದಿಲ್ಲ. ಕಿವಿಯ ಹಿಂದೆ, ಕತ್ತಿನ ಮೇಲ್ಗಡೆ, ಕೂದಲ ಬುಡಕ್ಕೆ ಅಂಟು ಹಾಕಿದ ಹಾಗೆ ಕಚ್ಚಿಕೊಂಡಿರುತ್ತದೆ. ಅದನ್ನು ಉಗುರಿನಲ್ಲಿ ಒಂದೊಂದಾಗಿ ಜಾರಿಸಿ ತೆಗೆಯಬೇಕು.

ದಿನಕ್ಕೆ ಆರೆಂಟು ಸೀರು ಇಡುತ್ತೀಯ, ಅವು ಒಡೆಯಲು 7ರಿಂದ 10 ದಿನ ಬೇಕು. ಒಂದು ದಿನ ಬಾಚಿ ಮುಗಿಯಿತು ಅಂತ ಕೂರುವ ಹಾಗಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರವಾದರೂ, ಗಂಡುಮಕ್ಕಳನ್ನೂ ನಮ್ಮಂಥ ದೊಡ್ಡವರನ್ನೂ ಸೇರಿಸಿ ಬಾಚಬೇಕು. ಅಷ್ಟಕ್ಕೂ ನೀನು ಜಗ್ಗದಿದ್ದರೆ ಡಾಕ್ಟರನ್ನು ಕೇಳಿ ಶೇಕಡಾ 1ರ ಪರ್ಮೆಥ್ರಿನ್ ಲೋಷನ್. ಹತ್ತು ನಿಮಿಷ ಬಿಟ್ಟು ತೊಳೆಯಬೇಕು, ಉಳಿದ ಸೀರು ಮರಿಯಾಗುತ್ತದೆಂದು ವಾರ, ಹತ್ತು ದಿನಕ್ಕೆ ಮತ್ತೊಮ್ಮೆ ಹಚ್ಚಬೇಕು. ರೇಷ್ಮೆ ಸಾಕುವ ಮನೆಯವರಿಗೆ ಇನ್ನೊಂದು ಮಾತು: ಆ ಲೋಷನ್ ರೇಷ್ಮೆ ಹುಳುವಿಗೂ ವಿಷ. ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಬೇಡಿ, ಹುಳುಮನೆಗೆ ಕಾಲಿಡಬೇಡಿ.

ಈ ಸಲ ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ಅವರ ತಾಯಂದಿರಿಗೆಲ್ಲ ನಾನೇ ಫೋನ್ ಮಾಡುತ್ತೇನೆ. ಹೇನಿತ್ತು ಕಣವ್ವ, ಎಲ್ಲರ ತಲೆಯಲ್ಲೂ ಇತ್ತು, ನನ್ನ ತಲೆಯಲ್ಲೂ ಸಿಕ್ಕಿತು, ಬಾಚಿದ್ದೀನಿ. ಮಗೂನ ಬಯ್ಯಬೇಡ, ಜಡೆ ಕತ್ತರಿಸಬೇಡ, ಗುರುವಾರ ಇನ್ನೊಂದು ಸಲ ಬಾಚು ಅಂತ ಹೇಳುತ್ತೇನೆ.

ಇಂತಿ,
ಕೆಂಪಾಪುರದ ಒಬ್ಬ ಅಜ್ಜಿ